ಐಬಿಗೆ ರೊಕ್ಕ ಕೊಡೋ ಗಿರಾಕಿ

ಶಮಾ: ಕಾಕಾ, ಇನ್ನೊಮ್ಮೆ ಕೇಳ್ತೇನಿ. ನಿನ್ನೆ ವಿಮಾ ಕಂಪನಿಯವ್ರು ಫೋನ್ ಮಾಡಿದಾಗ ನೀವು ಏನ್ ಹೇಳಿದ್ರಿ?

ಚಂದ್ರಾಮ: ಐಬಿಲ್ಲ, ಒಂದ ಕೊರತಿ ಇಲ್ಲ ಅಂತ ಹೇಳ್ದೆ.

ಶಮಾ: ಯಾರಿಗಿ ಐಬಿಲ್ಲ?

ಚಂದ್ರಾಮ: ಇಕಿಗಿ. ಮತ್ಯಾರಿಗಿ?

ಶಮಾ: ಐಬಿಲ್ಲಂದ್ರ ಆಪರೇಶನ್ ಯಾಕ ಮಾಡ್ಬೇಕ್ರಿ? ಅವ್ರೂ ಅದನ್ನ ಕೇಳ್ಯಾರ. ಅರ್ಜಿ ವಾಪಸ್ ಬಂದೈತಿ ನೋಡ್ರಿ. 'ಪೇಶಂಟಿನ ಕಣ್ಣುಗಳು ಚೆನ್ನಾಗಿವೆ ಎಂದು ಗಂಡನೇ ತಿಳಿಸಿದ್ದಾರೆ.'

ಇದು ಸಿಂದಗಿಯ ಒಂದು ಖಾಸಗಿ ಕಣ್ಣಿನ ದವಾಖಾನೆ. ಗಾಜಿನ ಆಚೆ ಕೂತವಳು ವಿಮೆಯ ಕಾಗದ ನೋಡಿಕೊಳ್ಳುವ ಶಮಾ. ಈಚೆ ನಿಂತವನು ದೇವಣಗಾಂವದ ಚಂದ್ರಾಮ. ದನದ ಸಂತೆಗಳಲ್ಲಿ ಮೂವತ್ತೈದು ವರ್ಷ ದಲಾಲಿ ಮಾಡಿದವನು. ಹೆಗಲ ಮೇಲಿನ ವಲ್ಲಿ ಬಟ್ಟೆಯನ್ನು ದವಾಖಾನೆಗೂ ಬಿಟ್ಟು ಬಂದಿಲ್ಲ. ಪಕ್ಕದ ಬೆಂಚಿನ ಮೇಲೆ ಅವನ ಹೆಂಡತಿ ಸಾತವ್ವ. ಎರಡೂ ಕಣ್ಣಿಗೆ ಪೊರೆ ಬಂದಿದೆ. ಇವತ್ತು ಬಲಗಣ್ಣಿನ ಆಪರೇಶನ್ ಎಂದು ನಸುಕಿನಲ್ಲೇ ತಲೆಗೆ ಎರೆದುಕೊಂಡು, ಅರ್ಧ ಹೊಲಿದ ಕೌದಿಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾಳೆ. ಕೌದಿ ಯಾಕೆ ತಂದಳೆಂದರೆ, ಆಪರೇಶನ್ ಮುಗಿದ ಕೂಡಲೇ ಹೊಲಿಗೆ ಶುರು ಮಾಡಬಹುದೆಂದು ಅವಳ ಲೆಕ್ಕ.

ಚಂದ್ರಾಮ: ಯವ್ವಾ, ನಾ ಏನ್ ಮಾಡ್ಲಿ? ಫೋನಿನ್ಯಾಗ ಯಾವನರೆ 'ಹ್ಯಾಂಗೈತ್ರಿ?' ಅಂದ್ರ ನನ್ನ ಬಾಯಿ ನನ್ನ ಮಾತ ಕೇಳಂಗಿಲ್ಲ. 'ಮಾಲ ಬಂಗಾರ ಐತಿ' ಅಂತ ತಾನ ಅಂದ ಬಿಡತೈತಿ.

ಸಾತವ್ವ: ಬರೇ ಬಂಗಾರ ಅಂದಿದ್ರ ನಾ ಸುಮ್ಕಿರ್ತಿದ್ದೆ. ಪೂರ್ತಿ ಹೇಳ್ರಿ ಆ ಹುಡುಗಿಗಿ. ನಾ ಬಾಜೂಕ ಕುಂತ ಕೇಳೇನಿ.

ಶಮಾ: ಮತ್ತೇನಂದ್ರು ಕಾಕಿ?

ಸಾತವ್ವ: ಹಲ್ಲ ಪೂರಾ ಅದಾವ, ಸುಳಿ ಸುದ್ದ ಐತಿ, ಹಾಯಂಗಿಲ್ಲ, ಒದಿಯಂಗಿಲ್ಲ ಅಂದ್ರು.

ಚಂದ್ರಾಮ: ಅದ್ರಾಗ ಸುಳ್ಳೇನೈತಿ?

ಸಾತವ್ವ: ಒದಿಯಂಗಿಲ್ಲ ಅಂತ ಈಗ ಹೇಳಬ್ಯಾಡ್ರಿ. ಮನಿಗಿ ಹೋದಮ್ಯಾಲ ನೋಡೂಣಂತ.

ಶಮಾ ದುಪಟ್ಟಾದಿಂದ ಬಾಯಿ ಮುಚ್ಚಿಕೊಂಡಳು. ನಗು ಮುಗಿಯಲಿಕ್ಕೆ ಸ್ವಲ್ಪ ಹೊತ್ತು ಬೇಕಾಯಿತು.

ಶಮಾ: ಕೇಳ್ರಿ ಕಾಕಾ. ನಾ ಕೈಕಾಲ ಹಿಡದು ಅರ್ಜಿ ಮತ್ತ ಕಳಿಸೇನಿ. ಈಗ ಹನ್ನೆರಡಕ್ಕ ಅವ್ರು ಇನ್ನೊಮ್ಮೆ ಫೋನ್ ಮಾಡ್ತಾರ. ಇದ ಕಡೀ ಸಲ. ಅವ್ರು ಹೂಂ ಅಂದ್ರ ಇವತ್ತ ಆಪರೇಶನ್. 'ಕಣ್ಣು ಕಾಣಂಗಿಲ್ಲ, ಹೋದ ದೀಪಾವಳಿಯಿಂದ ಹಿಂಗ ಆಗೈತಿ' ಅಂತ ಇದ್ದದ್ದ ಇದ್ದಂಗ ಹೇಳ್ರಿ. ಸಾಕು.

ಚಂದ್ರಾಮ: ನನ್ನ ಮಾಲಿನ ಐಬ ನನ್ನ ಬಾಯಿಲೆ ಹೇಳ್ಬೇಕ?

ಸಾತವ್ವ: ನಾ ಮಾಲೇನ್ರಿ?

ಚಂದ್ರಾಮ: ಏ, ನೀ ಸುಮ್ಕಿರ. ಧಂದೇದ ಮಾತ ನಡದೈತಿ.

ಶಮಾ: ಕಾಕಾ, ಇದು ಬ್ಯಾರೆ ಧಂದೆ. ಇಲ್ಲಿ ಐಬಿದ್ರನ ರೊಕ್ಕ ಬರ್ತಾವ.

ಚಂದ್ರಾಮ: ಐಬಿಗಿ ರೊಕ್ಕ ಕೊಡೋ ಗಿರಾಕಿ! ಇಂಡಿ ಸಂತಿ, ಬಾಗೇವಾಡಿ ಸಂತಿ ಎಲ್ಲಾ ತಿರುಗೇನಿ. ಇಂಥಾ ಗಿರಾಕಿ ಒಬ್ಬನೂ ಕಂಡಿಲ್ಲ. ಅವಗೇನ ಲಾಭ?

ಶಮಾ: ಸಾವಿರ ಮಂದಿ ವರ್ಸಾ ರೊಕ್ಕ ಕಟ್ತಾರ. ಬ್ಯಾನಿ ಬರೂದು ನೂರ ಮಂದಿಗಿ. ಉಳದವ್ರು ಆರಾಮಿದ್ರ ಅದ ಕಂಪನಿ ಲಾಭ.

ಚಂದ್ರಾಮ: ಮತ್ತ ದವಾಖಾನಿಗಿ?

ಶಮಾ: ದವಾಖಾನಿಗಿ... ಬ್ಯಾನಿ ಬಂದ್ರ ಲಾಭ.

ಸಾತವ್ವ: ಅಂದ್ರ ಕಂಪನಿಯವ ನಾ ಗಟ್ಟಿ ಇರ್ಲಿ ಅಂತ ದೇವರಿಗಿ ಕಾಯಿ ಒಡೀತಾನ. ನಿಮ್ಮ ಡಾಕ್ಟ್ರು ನಾ ಬೀಳ್ಲಿ ಅಂತ ಒಡೀತಾರ.

ಶಮಾ: ಅಯ್ಯ ಕಾಕಿ, ಹಂಗಲ್ರಿ! ಡಾಕ್ಟ್ರು ಭಾಳ ಚಲೋ ಅದಾರ.

ಸಾತವ್ವ: ಚಲೋನ ಇರ್ಲಿ. ನಾ ಅವ್ರಿಗಿ ಬೈಯಾಕತ್ತಿಲ್ಲ. ಯಾರ ಕಾಯಿ ದೇವರಿಗಿ ಮುಟ್ಟೈತಿ ಅಂತ ನನ್ನ ಕಣ್ಣ ನೋಡಿದ್ರ ತಿಳಿತೈತಿ.

ಚಂದ್ರಾಮ: (ತೊಡೆ ತಟ್ಟಿ) ತಿಳೀತು ಬಿಡ ಯವ್ವಾ! ಗಿರಾಕಿ ಉಲ್ಟಾ ಅದಾನ. ಹಂಗಿದ್ರ ನಾನೂ ಉಲ್ಟಾ ಆಗ್ತೇನಿ. ಕೊಳ್ಳೋರ ಕಡೆ ನಿಂತ ದಲಾಲಿ ಮಾಡೂಮುಂದ ಐಬ ಹ್ಯಾಂಗ ತಗೀತೇನಿ ಗೊತ್ತೇನ? ಏನೂ ಇಲ್ಲದ ಹೋರಿಗಿ ಇಪ್ಪತ್ತ ಐಬ ತಗದೇನಿ.

ಶಮಾ: ಇಪ್ಪತ್ತ ಬ್ಯಾಡ್ರಿ. ಒಂದ ಸಾಕು.

ಅಷ್ಟರಲ್ಲಿ ಫೋನು ಬಂತು. ಶಮಾ ಮೂವರಿಗೂ ಕೇಳುವಂತೆ ಫೋನನ್ನು ಕೌಂಟರಿನ ಮೇಲಿಟ್ಟಳು. ಚಂದ್ರಾಮ ವಲ್ಲಿ ಸರಿಮಾಡಿಕೊಂಡು ಖ್ಯಾಕರಿಸಿ ಗಂಟಲು ಸರಿಮಾಡಿದ. ಆ ಸದ್ದಿಗೇ ಶಮಾ ಫೋನು ಕಸಿದುಕೊಳ್ಳಬೇಕಿತ್ತು, ಕಸಿದುಕೊಳ್ಳಲಿಲ್ಲ.

ಕಂಪನಿಯ ದನಿ: ನಮಸ್ಕಾರ ಸರ್. ಈ ಕರೆಯನ್ನು ರೆಕಾರ್ಡ್ ಮಾಡಲಾಗುತ್ತಿದೆ. ನಿಮ್ಮ ಪತ್ನಿಯವರಿಗೆ ಏನು ತೊಂದರೆ ಇದೆ?

ಚಂದ್ರಾಮ: ಏನಿಲ್ಲ ಅಂತ ಕೇಳ್ರಿ! ಎರಡೂ ಕಣ್ಣ ಹೋಗ್ಯಾವ. ಮಣಕಾಲ ಹಿಡದಾವ. ಎಡಗಿವಿ ಮಂದ. ಮೇವು... ಊಟ ಬರೋಬ್ಬರಿ ಮಾಡಂಗಿಲ್ಲ. ರಾತ್ರಿಯೆಲ್ಲಾ ಕೆಮ್ಮತಾಳ.

ಸಾತವ್ವ: ಯಾರ ಕೆಮ್ಮತಾರ? ಬೀಡಿ ನಾ ಸೇದತೇನೇನ?

ಚಂದ್ರಾಮ: ಕೇಳಿದ್ರಿ? ಸಿಟ್ಟೂ ಐತಿ.

ಕಂಪನಿಯ ದನಿ: ಕಣ್ಣಿನ ತೊಂದರೆ ಯಾವಾಗಿನಿಂದ ಇದೆ ಸರ್?

ಶಮಾ ಗಾಜಿನ ಆಚೆಯಿಂದ ದೀಪ ಹಚ್ಚುವ ಸನ್ನೆ ಮಾಡಿದಳು, ಪಟಾಕಿ ಹಾರಿಸುವ ಸನ್ನೆ ಮಾಡಿದಳು. ಚಂದ್ರಾಮನಿಗೆ ಆಗಲೇ ವ್ಯಾಪಾರದ ಕಾವು ಏರಿತ್ತು.

ಚಂದ್ರಾಮ: ಹುಟ್ಟಿದಾಗಿಂದ್ರಿ! ಇವರವ್ವಗೂ ಹಿಂಗ ಇತ್ತು. ತಳೀನ ಅಂಥಾದ್ದು.

ಕಂಪನಿಯ ದನಿ: ಆದರೆ ಸರ್, ಮೂರು ವರ್ಷದ ಹಿಂದೆ ಪಾಲಿಸಿ ಮಾಡಿಸುವಾಗ ಯಾವ ಕಾಯಿಲೆಯೂ ಇಲ್ಲ ಎಂದು ಸಹಿ ಮಾಡಿದ್ದೀರಿ.

ಚಂದ್ರಾಮ: ಅವತ್ತ ನಿಮ್ಮ ಏಜಂಟ ಮಾಲ ನೋಡಾಕ ಬಂದಿದ್ದ. ಮಾಲ ನೋಡಾಕ ಬಂದವಗ ಯಾರರೆ ಐಬ ಹೇಳ್ತಾರೇನ್ರಿ?

ಆ ಕಡೆ ಕೀಬೋರ್ಡ್ ಒತ್ತುವ ಸದ್ದು ಕೇಳಿಸಿತು.

ಕಂಪನಿಯ ದನಿ: ಧನ್ಯವಾದ ಸರ್. ನಿಮ್ಮ ದಿನ ಶುಭವಾಗಿರಲಿ.

ಚಂದ್ರಾಮ: (ಹೆಮ್ಮೆಯಿಂದ) ಆತ ನೋಡ. ಸೌದಾ ಮುಗೀತು.

ಶಮಾ: ಹೌದ್ರಿ, ಮುಗೀತು. (ಕಂಪ್ಯೂಟರ್ ನೋಡಿ) 'ಹಳೇ ಕಾಯಿಲೆ ಮುಚ್ಚಿಟ್ಟು ಪಾಲಿಸಿ ಪಡೆದಿದ್ದಾರೆ. ಪೂರ್ತಿ ವಿಚಾರಣೆ ಆಗುವವರೆಗೆ ಹಣ ಇಲ್ಲ.'

ಚಂದ್ರಾಮ: ವಿಚಾರಣೆ ಅಂದ್ರ ಎಷ್ಟ ದಿನ?

ಶಮಾ: ಮೂರ ತಿಂಗಳ. ಇಲ್ಲಾ ನಾಕ.

ಸಾತವ್ವ ಕೌದಿಯ ಗಂಟನ್ನು ಬಿಚ್ಚಿದಳು, ಮತ್ತೆ ಕಟ್ಟಿದಳು. ಬೈಯುತ್ತಾಳೆ ಎಂದು ಕಾದು ನಿಂತಿದ್ದ ಚಂದ್ರಾಮನಿಗೆ ಇದು ಬೈಗುಳಕ್ಕಿಂತ ಕಷ್ಟವಾಯಿತು.

ಚಂದ್ರಾಮ: ಏ ಸಾತೀ. ಏನರೆ ಅನ್ನ.

ಸಾತವ್ವ: ಏನ್ ಅನ್ಲಿ? ಬರೂ ತಿಂಗಳ ಮುದ್ದೇಬಿಹಾಳದ ತವರಮನ್ಯಾಗ ಸೊಸಿ ಸುಜಾತಾ ಹಡೀತಾಳ. ಚೊಚ್ಚಲ ಮೊಮ್ಮಗ. ಕೌದಿ ಅರ್ಧಕ್ಕ ನಿಂತೈತಿ. ಸೂಜ್ಯಾಗ ದಾರ ಪೋಣಸಾಕ ಬಾಜೂಮನಿ ರಾಜಬಿನ್ನ ಕರೀತೇನಿ, ಬಂದು ಪೋಣಿಸಿ ಕೊಡತಾಳ ಪಾಪ. ಕೂಸಿನ ಮಾರಿ ನೋಡಾಕ ಯಾರನ್ನ ಕರೀಲಿ?

ಚಂದ್ರಾಮ ವಲ್ಲಿಯಿಂದ ಮುಖ ಒರೆಸಿಕೊಂಡು, ಗಾಜಿನ ಕಿಂಡಿಗೆ ಬಾಯಿ ಹಚ್ಚಿ ಕೇಳಿದ.

ಚಂದ್ರಾಮ: ಯವ್ವಾ, ಕಂಪನಿ ಗೊಡವಿ ಬಿಡ. ಈ ಕಣ್ಣಿನ ರೇಟ್ ಏನೈತಿ?

ಶಮಾ: ವಿಮಾ ಕಾರ್ಡಿನ ಮ್ಯಾಲ ಆಗಿದ್ರ ನಲವತ್ತೆಂಟ ಸಾವಿರ. (ದನಿ ಇಳಿಸಿ) ರೊಕ್ಕ ಈಗ ಕೈಯಾಗ ಕೊಟ್ರ ಇಪ್ಪತ್ತೆಂಟ.

ಚಂದ್ರಾಮ: ಅದ ಕಣ್ಣ?

ಶಮಾ: ಅದ ಕಣ್ಣ.

ಚಂದ್ರಾಮ: ಅದ ಡಾಕ್ಟ್ರು?

ಶಮಾ: ಅದ ಡಾಕ್ಟ್ರು, ಅದ ಇಪ್ಪತ್ತ ಮಿನಿಟ.

ಚಂದ್ರಾಮ: ಅಂದ್ರ ಮೂರ ವರ್ಸ ರೊಕ್ಕ ಕಟ್ಟಿ ನಾ ಇಕಿ ಕಣ್ಣಿನ ರೇಟ್ ಏರಿಸೇನಿ! ತೂ ಇದರ!

ಈ ಕೂಗಿಗೆ ಒಳಗಿನ ಬಾಗಿಲು ತೆರೆಯಿತು. ತಲೆಗೆ ಹಸಿರು ಟೊಪ್ಪಿಗೆ ಕಟ್ಟಿಕೊಂಡ ಡಾಕ್ಟರ್ ಬಸವಂತರಾಯರು ಹೊರಗೆ ಬಂದರು. ದವಾಖಾನೆ ಇವರದೇ.

ಡಾಕ್ಟರ್: ಏನ್ ಗದ್ದಲ ಶಮಾ?

ಚಂದ್ರಾಮ: ನಾ ಹೇಳ್ತೇನ್ರಿ ಸಾಹೇಬ್ರ. ಒಂದ ಮಾಲಿಗಿ ಎರಡ ರೇಟ್ ಯಾಕ್ರಿ?

ಡಾಕ್ಟರ್: ಯಜಮಾನ್ರ, ಕಂಪನಿ ರೊಕ್ಕ ಆರ ತಿಂಗಳಿಗಿ ಬರ್ತಾವ. ಅದ್ರಾಗೂ ಅದಕ್ಕಿಷ್ಟ ಇದಕ್ಕಿಷ್ಟ ಅಂತ ಕೊಯ್ದು ಕೊಡ್ತಾರ. ಮಿಷಿನ್ನಿನ ಕಂತು ನನಗ ತಿಂಗಳಾ ಬರ್ತೈತಿ.

ಚಂದ್ರಾಮ: (ಒಮ್ಮೆಲೆ ಅರಳಿ) ಅಂದ್ರ ಉದ್ರಿ ಗಿರಾಕಿ! ಉದ್ರಿ ಗಿರಾಕಿಗಿ ರೇಟ್ ಜಾಸ್ತಿ, ಅದ ನಮ್ಮ ಸಂತ್ಯಾಗೂ ಐತಿ. ಇಷ್ಟ ಮಾತ ಮೊದಲ ಹೇಳಿದ್ರ ನಾ ಮುಂಜಾನಿಂದ ಬಾಯಿ ಬಡಕೋತಿದ್ದಿಲ್ಲ. ಬರ್ರಿ, ಕೈ ಕೊಡ್ರಿ.

ಅವನು ಹೆಗಲ ಮೇಲಿನ ವಲ್ಲಿ ತೆಗೆದು ತನ್ನ ಬಲಗೈ ಮೇಲೆ ಹರಡಿದ. ದನದ ಸಂತೆಯ ಪದ್ಧತಿ ಇದು: ಬಟ್ಟೆಯ ಕೆಳಗೆ ಕೈಗೆ ಕೈ ಸೇರಿಸಿ, ಹಿಡಿದ ಬೆರಳಿನ ಲೆಕ್ಕದಲ್ಲಿ ದರ ಹೇಳುವುದು. ಸುತ್ತ ನಿಂತವರಿಗೆ ಒಂದೂ ತಿಳಿಯದು. ಡಾಕ್ಟರು ಗೊಳಸಂಗಿಯ ರೈತನ ಮಗ. ಆ ವಲ್ಲಿ ನೋಡಿದ್ದೇ ಅವರ ಮುಖದಲ್ಲಿ ನಗು ಬಂತು.

ಡಾಕ್ಟರ್: ನಮ್ಮಪ್ಪ ಹೋರಿ ಮಾರಿ ನನ್ನ ಫೀ ಕಟ್ಟಿದ್ದು ಹಿಂಗ. ಆದ್ರ ಯಜಮಾನ್ರ, ಕೈರೊಕ್ಕದ ರೇಟ್ ಎಲ್ಲಾರಿಗೂ ಇಪ್ಪತ್ತೆಂಟ ಐತಿ. ನಿಮಗ ಇಳಿಸಿದ್ರ ಬೆಂಚಿನ ಮ್ಯಾಲ ಕುಂತವ್ರೆಲ್ಲಾ ಎದ್ದ ಬರ್ತಾರ.

ಚಂದ್ರಾಮ: ಅದಕ್ಕಲ್ರಿ ಈ ವಲ್ಲಿ!

ಡಾಕ್ಟರು ಆ ಕಡೆ ಈ ಕಡೆ ನೋಡಿ ಕೈ ಚಾಚಿದರು. ಅಷ್ಟರಲ್ಲಿ ಬೆಂಚಿನಿಂದ ಎದ್ದ ಸಾತವ್ವ, ಗೋಡೆ ಹಿಡಿದು ಬಂದು, ಗಂಡನ ಕೈಯನ್ನು ವಲ್ಲಿಯಿಂದ ಹೊರಗೆಳೆದಳು.

ಸಾತವ್ವ: ಬಾಜೂಕ ಸರೀರಿ. ನಿಮ್ಮ ಬಾಯಿ ಮುಂಜಾನಿಂದ ನೋಡೇನಿ. ಇನ್ನ ಕೈ ನೋಡೂದು ಬ್ಯಾಡ.

ಚಂದ್ರಾಮ: ಅಲ್ಲಲೇ, ನಿನಗ ಕಣ್ಣ ಕಾಣಂಗಿಲ್ಲ!

ಸಾತವ್ವ: ವಲ್ಲಿ ಒಳಗ ಯಾರಿಗಿ ಕಾಣತೈತಿ?

ವಲ್ಲಿಯ ಕೆಳಗೆ ಸಾತವ್ವನ ಕೈ, ಡಾಕ್ಟರರ ಕೈ ಸೇರಿದವು. ಮೇಲಿನಿಂದ ಕಂಡದ್ದು ಬಟ್ಟೆಯ ಅಲುಗಾಟ ಮತ್ತು ಡಾಕ್ಟರರ ಮುಖ ಮಾತ್ರ. ಆ ಮುಖ ಮೊದಲು ನಕ್ಕಿತು, ಆಮೇಲೆ ಬೆವರಿತು.

ಡಾಕ್ಟರ್: ಅವ್ವಾ, ಇದಕ್ಕ ಲೆನ್ಸೂ ಬರಂಗಿಲ್ಲ.

ಸಾತವ್ವ: ಕೈಯಾಗಿನ ರೊಕ್ಕ ಐತ್ರಿ. ಆರ ತಿಂಗಳ ಕಾಯೂದಿಲ್ಲ, ಕೊಯ್ಯೂದಿಲ್ಲ. ಈ ಬೆರಳ ಬಿಡ್ರಿ.

ಡಾಕ್ಟರ್: ಈ ಬೆರಳ ಬಿಟ್ರ ನನಗೇನ ಉಳಿತೈತ್ರಿ?

ಸಾತವ್ವ: ಎಡಗಣ್ಣ ಉಳಿತೈತಿ. ಅದನ್ನೂ ನಿಮ್ಮ ಕಡೆನ ತರ್ತೇನಿ.

ಡಾಕ್ಟರು ಸೋತು ನಕ್ಕರು. ಆತು ಎಂದು ಕೈ ಕುಲುಕಿ, ಆಪರೇಶನ್ನಿಗೆ ತಯಾರಿ ಮಾಡಲು ಶಮಾಗೆ ಹೇಳಿದರು.

ಚಂದ್ರಾಮ: ಎಷ್ಟಕ್ಕ ಮುಗೀತಲೇ?

ಸಾತವ್ವ: ವಲ್ಲಿ ಒಳಗಿನ ಮಾತ ಹೊರಗ ಹೇಳಬಾರ್ದು ಅಂತ ನೀವ ಹೇಳ್ತೀರಲ್ಲ? ಇಪ್ಪತ್ತೈದ ಕೊಡ್ರಿ.

ಚಂದ್ರಾಮ ಬಂಡಿ ಅಂಗಿಯ ಒಳಕಿಸೆಗೆ ಕೈ ಹಾಕಿದ. ಹೋರಿಯೊಂದನ್ನು ಕೊಳ್ಳಲು ಇಟ್ಟ ದುಡ್ಡು ಅಲ್ಲಿತ್ತು. ಅವನು ಬೆರಳಿಗೆ ಉಗುಳು ಹಚ್ಚಿ ಎಣಿಸಿ ಕೊಟ್ಟ. ಸಾತವ್ವ ನೋಟುಗಳನ್ನು ಕೈಯಿಂದಲೇ ತಡವಿ ಎಣಿಸಿ, ದೊಡ್ಡ ಪಾಲನ್ನು ಶಮಾಗೆ ಕೊಟ್ಟಳು. ಉಳಿದದ್ದನ್ನು ಎಲೆಅಡಿಕೆ ಚೀಲದಲ್ಲಿ ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಚಂದ್ರಾಮ: ಏ ಏ, ಅದೇನದು?

ಸಾತವ್ವ: ದಲಾಲಿ.

ಚಂದ್ರಾಮ: ನನ್ನ ಕಡೆನ ದಲಾಲಿ ತಗೋತೀಯಾ?

ಸಾತವ್ವ: ಕಂಪನಿಗಿ ಲಾಭ ಆತು. ದವಾಖಾನಿಗಿ ಲಾಭ ಆತು. ಕಣ್ಣ ನಂದು. ನನಗೂ ಒಂದೀಟ ಇರ್ಲಿ.

ಕೌದಿಯ ಗಂಟನ್ನು ಗಂಡನ ತೋಳಿಗೆ ಹಾಕಿ, ಶಮಾಳ ಕೈ ಹಿಡಿದುಕೊಂಡು ಅವಳು ಒಳಗೆ ನಡೆದಳು. ಚಂದ್ರಾಮ ಕೌದಿ ಅಪ್ಪಿಕೊಂಡು, ಬಾಯಿ ತೆರೆದು ನಿಂತ. ಬೆಂಚಿನ ಮೇಲಿನ ಹತ್ತು ಪೇಶಂಟುಗಳೂ ಅವನನ್ನೇ ನೋಡುತ್ತಿದ್ದರು. ಅಷ್ಟು ಮಂದಿ ನೋಡುವಾಗ ದಲಾಲಿಗೆ ಸುಮ್ಮನಿರುವುದು ಆಗುವುದಿಲ್ಲ.

ಚಂದ್ರಾಮ: (ಎಲ್ಲರಿಗೂ ಕೇಳುವಂತೆ) ನೋಡಿದ್ರಲ್ಲ? ನಿನ್ನೆ ಕಂಪನಿಗಿ ನಾ ಖರೇನ ಹೇಳಿದ್ದೆ. ಒಂದ ಐಬಿಲ್ಲ! ಮಾಲ ಬಂಗಾರ ಐತಿ!

ಸಾತವ್ವ: (ಒಳಗಿನಿಂದ) ಒದಿಯೂದನ್ನೂ ಹೇಳ್ರಿ!