ಡೂಗಲ್ ಹೆಸರಿನ ಬೋನು

ಕ್ವಾಡ್ರಾ ದ್ವೀಪದಲ್ಲಿ ಸಮುದ್ರಕ್ಕೆ ಸಿಗಡಿ ಬೋನು ಇಳಿಸುವವನು, ಅದರ ಹಗ್ಗಕ್ಕೆ ಕಟ್ಟಿದ ತೇಲುಗುಂಡಿನ ಮೇಲೆ ತನ್ನ ಹೆಸರು ಬರೆಯಲೇಬೇಕು. ಓರ್ವಿಲ್‌ನ ಮಾನ ಹರಾಜಾಗುತ್ತಿದ್ದದ್ದು ಈ ಕಾನೂನಿನಿಂದಲೇ.

ಅಲ್ಲಿನ ಸೆಳವೆಂದರೆ ಸಾಮಾನ್ಯವೆ? ಒಮ್ಮೆ ಆಕಳಿಸಲು ಬಾಯಿ ತೆರೆದ ಸೀಲ್ ಪ್ರಾಣಿಯ ಹಲ್ಲುಗಳನ್ನೆಲ್ಲ ಕಿತ್ತೊಯ್ದು ಅಲಾಸ್ಕಾದಲ್ಲಿ ಬಿಟ್ಟಿತ್ತು. ನಂಬದವರು ಹೋಗಿ ಆ ಹಲ್ಲುಗಳನ್ನೇ ಕೇಳಬಹುದು. ಭರತ ಇಳಿತಗಳ ನಡುವೆ ನೀರು ಸ್ವಲ್ಪ ಹೊತ್ತು ಸುಮ್ಮನಿರುತ್ತದೆ. ಬೋನು ಇಳಿಸುವುದು, ಎತ್ತುವುದು ಎಲ್ಲ ಆಗಲೇ. ಓರ್ವಿಲ್ ಆ ಹೊತ್ತನ್ನು ಒಮ್ಮೆಯೂ ಹಿಡಿದವನಲ್ಲ. ಅವನ ಬೋನುಗಳು ಕೊಚ್ಚಿಹೋಗುತ್ತಿದ್ದವು; ಹೆಸರು ಹೊತ್ತ ಗುಂಡುಗಳು ಮಾತ್ರ ಯಾವುದೋ ದಡ ಸೇರಿ, ಯಾರ್ಯಾರದೋ ನಗುವಿನೊಂದಿಗೆ ಮನೆಗೆ ವಾಪಸಾಗುತ್ತಿದ್ದವು.

"ಸಂಜೆ ಅಮ್ಮ ಊಟಕ್ಕೆ ಬರ್ತಾಳೆ," ಎಂದಳು ಹೆಂಡತಿ ಮರ್ನಾ. "ನೀನು ಸಿಗಡಿ ಹಿಡ್ಕೊಂಡು ಬಂದ್ರೆ ಸರಿ. ಇಲ್ಲಾಂದ್ರೆ ಆ ದೋಣಿ ನಾಳೆ ನಮ್ದಲ್ಲ. ನೀರು ನಿಲ್ಲೋ ಹೊತ್ತು ಹನ್ನೊಂದು, ನೆನಪಿರ್ಲಿ."

ಬೋಳುತಲೆಯವನು ಉಳಿದ ನಾಲ್ಕು ಕೂದಲನ್ನು ಸಾಕುವಂತೆ ಓರ್ವಿಲ್ ಆ ದೋಣಿಯನ್ನು ಸಾಕಿದ್ದ.

ದಕ್ಕೆಯಲ್ಲಿ ನೆರೆಮನೆಯ ಡೂಗಲ್ ಕಾಫಿ ಹೀರುತ್ತಿದ್ದ. "ಏನಯ್ಯಾ, ಸಮುದ್ರಕ್ಕೆ ಮತ್ತೆ ದಾನಾನಾ? ಭರತ ಇಳಿತದ ಪಟ್ಟೀಲಿರೋದು ಚಳಿಗಾಲದ ಸಮಯ; ಬೇಸಿಗೆಗೆ ಗಡಿಯಾರ ಮುಂದಿಟ್ಟಿದೀವಲ್ಲ. ಈಗ ಒಂದು ಗಂಟೆ ಸೇರಿಸ್ಕೋಬೇಕು."

ಓರ್ವಿಲ್ ಸೇರಿಸಿಕೊಂಡ. ಪೆಟ್ರೋಲ್ ತುಂಬುವ ಮುದುಕಿ ಬರ್ನಿಸ್ ಕೂಡ, "ಒಂದು ಗಂಟೆ ಸೇರಿಸ್ಕೊ ಮಗಾ," ಎಂದಳು. ಹಿರಿಯರ ಮಾತೆಂದು ಇನ್ನೊಂದು ಸೇರಿಸಿದ. ಮರ್ನಾ ಬೆಳಿಗ್ಗೆ ಆ ಗಂಟೆ ಸೇರಿಸಿಯೇ ಹನ್ನೊಂದು ಎಂದಿದ್ದಳೆಂಬುದು ಅವನ ತಲೆಗೆ ಹೊಳೆಯಲಿಲ್ಲ.

ದಾರಿಯಲ್ಲಿ ಡೂಗಲ್‌ನ ದಾನದ ಮಾತು ಮತ್ತೆ ನೆನಪಾಯಿತು. ಈ ಸಲ ಗುಂಡು ಕೊಚ್ಚಿಹೋದರೆ ನಗುವೂ ಅವನ ಮನೆಗೇ ಹೋಗಲಿ ಎಂದು, ಹೊಸ ಗುಂಡಿನ ಮೇಲೆ ದಪ್ಪಕ್ಷರಗಳಲ್ಲಿ ಡೂಗಲ್ ಎಂದೇ ಬರೆದ. ಬೋನಿಗೆ ಆಮಿಷವಾಗಿ ಬೆಕ್ಕಿನ ತಿಂಡಿಯ ಡಬ್ಬಿ ಸಿಕ್ಕಿಸಿ, ಭಾರಕ್ಕೆ ಕಬ್ಬಿಣ ಕಟ್ಟಿ ಇಳಿಸಿದ. ಸೆಳವು ಆಗ ನೆತ್ತಿಗೇರಿತ್ತು. ಹಸಿದವನ ಬಾಯಿಗೆ ಬಿದ್ದ ಕಡುಬಿನಂತೆ ಗುಂಡು ಗುಳುಂ ಎಂದು ಮಾಯವಾಯಿತು.

ಓರ್ವಿಲ್ ಅಳುಮೋರೆ ಹಾಕಿಕೊಂಡು ಅಲ್ಲೇ ಕಾದ. ಸಂಜೆಯ ಹೊತ್ತಿಗೆ ನೀರು ಸುಮ್ಮನಾಯಿತು. ಗುಂಡು ಪುಳಕ್ಕನೆ ಮೇಲೆದ್ದಿತು. ಎಳೆದರೆ, ಬೋನಿನ ತುಂಬ ಸಿಗಡಿ! ಒಳಗೆ ಜಾಗ ಸಾಲದೆ ಹೊರಗಿನಿಂದ ತಬ್ಬಿಕೊಂಡು ಬಂದವೇ ಒಂದು ಬುಟ್ಟಿಯಾದವು.

ಅಷ್ಟರಲ್ಲಿ ಇವನ ಹೆಣ ಹುಡುಕಲೆಂದು ಡೂಗಲ್, ಬರ್ನಿಸ್ ದೋಣಿಯಲ್ಲಿ ಬಂದರು. ಆ ಕರಾವಳಿಯಲ್ಲಿ ಇನ್ನೊಬ್ಬನ ಹೆಂಡತಿಯೊಡನೆ ಓಡಿಹೋದವನನ್ನು ವರ್ಷ ಕಳೆದ ಮೇಲೆ ಚಹಾಕ್ಕೆ ಕರೆದಾರು; ಇನ್ನೊಬ್ಬನ ಬೋನು ಎತ್ತಿದವನಿಗೆ ನೀರೂ ಹುಟ್ಟುವುದಿಲ್ಲ.

ಬರ್ನಿಸ್ ಗುಂಡನ್ನು ನೋಡಿದಳು. "ಕಳ್ಳ ನನ್ಮಗನೆ."

"ಬೋನು ನಂದೇ ಕಣಮ್ಮಾ. ಹೆಸರು ಮಾತ್ರ ಅವನ್ದು ಬರ್ದಿದೀನಿ."

"ತನ್ನ ಬೋನಿಗೆ ಪಕ್ಕದ ಮನೆಯವನ ಹೆಸರು ಯಾವನು ಬರೀತಾನೆ? ಕದ್ದೆ ಅಂತ ಒಪ್ಕೊ, ಹುಚ್ಚನ ನಾಟಕ ಬೇಡ."

ಡೂಗಲ್ ಕಣ್ಣೊರೆಸಿಕೊಂಡ. "ಹೋದ ತಿಂಗಳು ಕಳೆದ ನನ್ನ ಬೋನು ಇದು. ಹೋಗ್ಲಿ ಬಿಡು ಬರ್ನಿಸ್, ಪಾಪ, ಮನೆಗೆ ಅತ್ತೆ ಬರ್ತಾಳೆ. ಸಿಗಡಿ ನೀನೇ ತಗೊಳ್ಳಯ್ಯಾ. ನಾನೂ ಊಟಕ್ಕೆ ಬಂದು ಮರ್ನಾಗೆ ಸಮಾಧಾನ ಹೇಳ್ತೀನಿ."

ಹೇಳಿದ; ಬೋನು ಯಾರದೆಂಬುದನ್ನೂ ಸೇರಿಸಿಯೇ ಹೇಳಿದ. ಅತ್ತೆ ಬೆರಳು ನೆಕ್ಕಿಕೊಂಡು, "ಗಂಡಸು ಅಂದ್ರೆ ಹೀಗಿರ್ಬೇಕು," ಎಂದು ದೊಡ್ಡ ಸಿಗಡಿಗಳನ್ನೆಲ್ಲ ಡೂಗಲ್‌ನ ತಟ್ಟೆಗೆ ಸುರಿದಳು. ಮರ್ನಾ ಆಡಿದ ಮಾತಿಗೆ ತಪ್ಪುವವಳಲ್ಲ. ದೋಣಿಯ ಕೀಲಿಯನ್ನೂ ಅಲ್ಲೇ, ತಟ್ಟೆಯ ಪಕ್ಕದಲ್ಲಿಟ್ಟಳು.

ಬಾಗಿಲವರೆಗೆ ಕಳಿಸಲು ಬಂದ ಓರ್ವಿಲ್‌ನ ಹೆಗಲ ಮೇಲೆ ಡೂಗಲ್ ಕೈ ಹಾಕಿ, ದನಿ ತಗ್ಗಿಸಿದ.

"ನಾನು ಈ ವರ್ಷ ಬೋನೇ ಇಳಿಸಿಲ್ಲ ಮಾರಾಯ. ಆದ್ರೆ ನನ್ನ ಹೆಸರನ್ನ ನೀನು ಎಷ್ಟು ಮುದ್ದಾಗಿ ಬರೀತೀಯ! ಇನ್ಮೇಲೆ ನನ್ನ ಗುಂಡಿಗೆಲ್ಲ ನೀನೇ ಬರ್ಕೊಡು."