ಅವ್ವನಿಗೊಂದು ಹಿಂದಿನ ಸೀಟು

ಹಳೇ ಕಾರಿನಲ್ಲಿ ಎಂಜಿನ್ ಕಷ್ಟ, ಗೇರ್ ಕಷ್ಟ, ಬ್ರೇಕ್ ಕಷ್ಟ. ಅವನ್ನೆಲ್ಲ ಮೆಕ್ಯಾನಿಕ್ ಮಾಡಿ ಮುಗಿಸಿದ್ದ. ಉಳಿದದ್ದು ಹಿಂದಿನ ಸೀಟು ಒಂದೇ. ಸೀಟೆಂದರೆ ಏನು? ಕೂರುವ ವಸ್ತು. ಹುಟ್ಟಿದಾಗಿನಿಂದ ಕೂರುತ್ತಲೇ ಬಂದಿರುವ ನನಗೆ ಅದನ್ನು ಜೋಡಿಸುವುದು ಯಾವ ಮಹಾ ಕೆಲಸ!

ಚಳ್ಳಕೆರೆಯಲ್ಲಿ ನನ್ನದೊಂದು ಫೋಟೋ ಸ್ಟುಡಿಯೋ ಇದೆ. ಈಗಿನ ಜೋಡಿಗಳು ಮದುವೆಗೆ ಮುಂಚೆ ಹಳೇ ಕಾರಿನಲ್ಲಿ ಕೂತು ಫೋಟೋ ತೆಗೆಸಿಕೊಳ್ಳುತ್ತಾರೆಂದು ಕೇಳಿ, ಶೇಂಗಾ ಎಣ್ಣೆ ಮಿಲ್ಲೊಂದರ ಗೋದಾಮಿನಲ್ಲಿ ಮೂಲೆ ಹಿಡಿದಿದ್ದ ಓಪನ್ ಕಾರನ್ನು ಕೊಂಡಿದ್ದೆ. ಎರಡೇ ಬಾಗಿಲು, ಮಡಚಿ ಹಿಂದಕ್ಕೆ ಇಳಿಸುವ ಬಟ್ಟೆಯ ಟಾಪು. ಹಿಂದಿನ ಸೀಟನ್ನು ಮಾತ್ರ ಮಿಲ್ಲಿನವರು ಚೀಲ ಹೇರುವುದಕ್ಕೆಂದು ಎಂದೋ ಕಿತ್ತೆಸೆದಿದ್ದರು.

ಅವ್ವನ ತವರು ಮೊಳಕಾಲ್ಮುರು ತಾಲ್ಲೂಕಿನ ದೇವಸಮುದ್ರ. ಮದುವೆಯಾದಾಗಿನಿಂದ ಅವಳು ಅಲ್ಲಿಗೆ ಹೋಗಿದ್ದೆಲ್ಲ ಬಸ್ಸಿನಲ್ಲೇ, ಅದೂ ಬಹಳ ಸಲ ನಿಂತುಕೊಂಡೇ. ಮಾವ, ಅಂದರೆ ಅವ್ವನ ತಮ್ಮ, ಹೊಸ ಮನೆ ಕಟ್ಟಿಸಿದ್ದ. "ಗೃಹಪ್ರವೇಶಕ್ಕೆ ನಿನ್ನನ್ನ ಈ ಕಾರಿನ ಹಿಂದಿನ ಸೀಟಲ್ಲಿ ರಾಣಿಯಂಗೆ ಕೂರಿಸ್ಕೊಂಡು ಹೋಗ್ತೀನವ್ವ" ಎಂದು ನಾನು ಉತ್ಸಾಹದಲ್ಲಿ ಅಂದುಬಿಟ್ಟೆ. ಅವ್ವ ನಿಂತ ನಿಲುವಿನಲ್ಲೇ ಮಾವನಿಗೆ ಫೋನ್ ಮಾಡಿದಳು.

"ಲೇ ತಿಪ್ಪೇಶಿ, ಈ ಸಲ ನನ್ನ ಕರ್ಕೊಂಡು ಬರಾಕೆ ಬಸ್ ಸ್ಟ್ಯಾಂಡಿಗೆ ಯಾರನ್ನೂ ಕಳಿಸಬ್ಯಾಡ. ಕಾರಿನಾಗೆ ಬರ್ತೀನಿ. ಹಿಂದಿನ ಸೀಟಿನಾಗೆ!"

ಸಂಜೆಯೊಳಗೆ ಸುದ್ದಿ ದೇವಸಮುದ್ರವನ್ನೆಲ್ಲ ಸುತ್ತಿ ಬಂದಿತ್ತು. ಇನ್ನು ಅದು ಬರೀ ಸೀಟಾಗಿ ಉಳಿಯಲಿಲ್ಲ, ತವರಿನಲ್ಲಿ ಅವ್ವನ ಮರ್ಯಾದೆಯಾಯಿತು.

ಬಳ್ಳಾರಿಯ ಗುಜರಿಯಲ್ಲಿ ಅದೇ ಕಂಪನಿಯ, ಅದೇ ಕಾಲದ ಕಾರಿನ ಹಿಂದಿನ ಸೀಟು ಸಿಕ್ಕಿತು. ವಿಜಯೋತ್ಸಾಹದಿಂದ ಹೊತ್ತು ತಂದೆ.

"ಅಳತೆ ನೋಡಿದ್ರಾ?" ಎಂದಳು ನನ್ನ ಹೆಂಡತಿ ಗಿರಿಜಾ.

"ಅದೇ ಕಾರಿಂದು ಕಣೆ. ಅಳತೆ ಯಾಕೆ ಬೇಕು?"

ಟಾಪು ಮಡಚಿದಾಗ ಅದರ ಕಂಬಿಗಳು ಇಳಿಯಲು ಓಪನ್ ಕಾರಿನಲ್ಲಿ ಸೀಟಿನ ಎರಡೂ ಪಕ್ಕ ಜಾಗ ಬಿಟ್ಟಿರುತ್ತಾರೆ. ಹಾಗಾಗಿ ಅದರ ಸೀಟು ಗಟ್ಟಿ ಚಾವಣಿಯ ಕಾರಿನ ಸೀಟಿಗಿಂತ ಕಿರಿದು. ಈ ಜ್ಞಾನ ನನಗೆ ಸೀಟು ಅರ್ಧ ಒಳಗೆ ಹೋಗಿ, ಮುಂದಕ್ಕೂ ಬಾರದೆ ಹಿಂದಕ್ಕೂ ಹೋಗದೆ ಸಿಕ್ಕಿಹಾಕಿಕೊಂಡ ಮೇಲೆ ಪ್ರಾಪ್ತವಾಯಿತು. ಕೇರಿಯವರೆಲ್ಲ ಸೇರಿ ಎಳೆದರು. ಸೀಟು ಈಚೆ ಬಂತು. ಜೊತೆಗೆ ಒಂದು ಬಾಗಿಲ ಹಿಡಿಕೆಯೂ ಬಂತು!

ಗರಗಸ ತಂದು ಸೀಟಿನ ಚೌಕಟ್ಟನ್ನು ಕೊಯ್ದೆ. ಎರಡೂ ಬದಿ ಸಮನಾಗಿ ಕೊಯ್ಯಬೇಕಿತ್ತು. ಒಂದೇ ಬದಿ ಕೊಯ್ದರೆ ಅರ್ಧ ಶ್ರಮ ಉಳಿಯುತ್ತದೆಂದು ನಾನು ಲೆಕ್ಕ ಹಾಕಿದೆ. ಉಳಿಯಿತು ನಿಜ. ಆದರೆ ಸೀಟು ಎಡಕ್ಕೆ ವಾಲಿತು. ಎಡಗಡೆ ಒಂದು ಮರದ ತುಂಡು ಕೊಟ್ಟು ಎತ್ತರಿಸಿದೆ. ಈಗ ಬಲಕ್ಕೆ ವಾಲಿತು.

ಒಳಗಿದ್ದ ತೆಂಗಿನ ನಾರು ಮುಟ್ಟಿದರೆ ಪುಡಿಪುಡಿ. ಏನು ತುಂಬುವುದು? ಆಗ ಹೊಳೆಯಿತು ನೋಡಿ ಅಮೋಘ ಉಪಾಯ! ಮಾವನ ಹತ್ತಿರ ಕುರಿ ಹಿಂಡಿದೆ. ಆಗಷ್ಟೇ ತುಪ್ಪಟ ಕತ್ತರಿಸಿದ್ದರು. ಕುರಿ ಉಣ್ಣೆ ತುಂಬಿಸಿದ ಸೀಟು ಸುತ್ತಲಿನ ಯಾವ ಶ್ರೀಮಂತನ ಕಾರಿನಲ್ಲೂ ಇರಲಾರದು. ಫೋನ್ ಮಾಡಿದೆ. ಮರುದಿನದ ಬಸ್ಸಿನ ಮೇಲೆ ಚೀಲಗಟ್ಟಲೆ ಬಂದಿಳಿಯಿತು.

"ತೊಳೆದು ಒಣಗಿಸಿ ತುಂಬ್ರೀ" ಎಂದಳು ಗಿರಿಜಾ.

"ತೊಳೆದರೆ ಅದರ ಸಹಜ ಗುಣ ಹೋಗ್ತದೆ" ಎಂದೆ, ಆ ವಿಷಯದಲ್ಲಿ ಪಾಂಡಿತ್ಯ ಇರುವವನಂತೆ.

ಸಹಜ ಗುಣ ಹೋಗಲಿಲ್ಲ.

ಬಂದ ಉಣ್ಣೆಯನ್ನು ಉಳಿಸಬಾರದೆಂದು ಎಲ್ಲವನ್ನೂ ತುರುಕಿ, ಮೇಲೆ ಕೆಂಪು ರೆಗ್ಜಿನ್ ಹೊಲಿಸಿದೆ. ಸೀಟು ಹಬ್ಬದ ಹೋಳಿಗೆಯಂತೆ ಉಬ್ಬಿ ನಿಂತಿತು. ಅದರ ಮೇಲೆ ಕೂತರೆ ತಲೆ ಟಾಪಿಗೆ ತಾಗುತ್ತಿತ್ತು. ಟಾಪು ಮಡಚೋಣವೆಂದರೆ ಒರಗುವ ಭಾಗ ಅಡ್ಡ ಬರುತ್ತಿತ್ತು. ಕೊನೆಗೆ ಟಾಪನ್ನೇ ಬಿಚ್ಚಿ ಮನೆಯಲ್ಲಿಟ್ಟೆ. ಸೀಟನ್ನು ಹಿಡಿದಿಡುವ ಕೊಕ್ಕೆಗಳು ತುಕ್ಕು ತಿಂದು ಉದುರಿದ್ದರಿಂದ ನೈಲಾನ್ ಹಗ್ಗದಲ್ಲಿ ಬಿಗಿದೆ. ಕಾರು ಸರ್ವಾಂಗಸುಂದರವಾಗಿ ಸಿದ್ಧವಾಯಿತು!

ಗೃಹಪ್ರವೇಶದ ಹಿಂದಿನ ದಿನ ಹೊರಟೆವು. ಅವ್ವ ಮೊಳಕಾಲ್ಮುರು ರೇಷ್ಮೆ ಸೀರೆ ಉಟ್ಟು ಹಿಂದೆ ಕೂತಳು. ಸೀಟಿನ ಎತ್ತರಕ್ಕೆ ಅವಳು ಮುಂದಿದ್ದ ನನ್ನ ಮತ್ತು ಗಿರಿಜಾಳ ತಲೆಗಿಂತ ಮೇಲೆ ಕಾಣುತ್ತಿದ್ದಳು. ಎದುರಿಗೆ ಬಂದ ಲಾರಿಯವನೊಬ್ಬ ಕೈಮುಗಿದು ಹೋದ. ಅವ್ವ ಗಂಭೀರವಾಗಿ ಆಶೀರ್ವಾದ ಮಾಡಿದಳು.

ಒಂದೇ ತೊಂದರೆ. ನಾನು ಬ್ರೇಕ್ ಹಾಕಿದಾಗಲೆಲ್ಲ ಹಗ್ಗ ಸಡಿಲವಾಗಿ, ಸೀಟು ಸಮೇತ ಅವ್ವ ಮುಂದೆ ಬರುತ್ತಿದ್ದಳು.

"ನಾನು ಮುಂದಕ್ಕೆ ಬಂದ್ನೇನೋ?" ಎನ್ನುತ್ತಿದ್ದಳು, ನನ್ನ ಹೆಗಲ ಹತ್ತಿರ.

"ಬಂದಿದೀಯವ್ವ. ಈಗ ಹಿಂದಕ್ಕೆ ಹೋಗು."

ಬಿಸಿಲು ಏರಿತು. ಉಣ್ಣೆ ಕಾಯಿತು. ಕುರಿ ಕೂಡುವ ರೊಪ್ಪದೊಳಗೆ ಕೂತು ಪ್ರಯಾಣ ಮಾಡಿದ ಅನುಭವ ನಿಮಗಿದ್ದರೆ ನಾನು ಹೆಚ್ಚು ವಿವರಿಸಬೇಕಿಲ್ಲ. ಗಿರಿಜಾ ಮೂಗಿಗೆ ಸೆರಗು ಹಿಡಿದಳು. ಅವ್ವ ಮಾತ್ರ ಕಣ್ಣು ಮುಚ್ಚಿ, "ನಮ್ಮಪ್ಪನ ಮನೆ ವಾಸನೆ ಬರ್ತಾ ಐತೆ" ಎಂದಳು. ನಾನು ಕಣ್ಣೊರೆಸಿಕೊಂಡೆ. ಅದು ಭಾವುಕತೆಯೋ ವಾಸನೆಯೋ ಈಗ ಹೇಳಲಾರೆ.

ದೇವಸಮುದ್ರ ಇನ್ನೇನು ಬಂತು ಎನ್ನುವಾಗ ರಸ್ತೆಗೆ ಕುರಿ ಹಿಂಡು ಅಡ್ಡ ಬಂತು. ಮಾವನದೇ ಹಿಂಡು! ಕಾಯುತ್ತಿದ್ದವನು ಮಾವನ ಮನೆಯ ಕುರಿಗಾಹಿ ಓಬಣ್ಣ; ಅವನಿಗೂ ಮಾವ ಮಾವನೇ. ಅವ್ವನಿಗೆ ತಡೆಯಲಾಗಲಿಲ್ಲ. ಇಳಿದು ಕುರಿಮರಿಯೊಂದನ್ನು ಎತ್ತಿಕೊಂಡಳು. ಅಷ್ಟರಲ್ಲಿ ಹಿಂಡಿನ ಕಾವಲಿನ ಕರಿಯ ಎಂಬ ದೊಡ್ಡ ನಾಯಿ ಕಾರನ್ನು ಒಂದು ಸುತ್ತು ಮೂಸಿತು. ಟಾಪಿಲ್ಲದ ಕಾರು. ಒಂದೇ ನೆಗೆತಕ್ಕೆ ಹಿಂದಿನ ಸೀಟು ಏರಿ ಕೂತಿತು.

"ಏಯ್, ಇಳಿ!" ಎಂದು ನಾನು ಕೈ ಚಾಚಿದೆ. ಅದು ಹಲ್ಲು ತೋರಿಸಿತು. ಕೈ ವಾಪಸು ತೆಗೆದುಕೊಂಡೆ.

"ರಾರಾ ಕರಿಯಾ! ದಿಗರಾ!" ಎಂದು ಓಬಣ್ಣ ತೆಲುಗಿನಲ್ಲಿ ಕರೆದ. ಕರಿಯ ಇಳಿಯಲಿಲ್ಲ. ಓಬಣ್ಣ ಹತ್ತಿರ ಬಂದು ಸೀಟು ಮೂಸಿ ನಕ್ಕ.

"ಅದು ಇಳಿಯಾಂಗಿಲ್ಲಣ್ಣ. ಇದು ನಮ್ಮ ಕುರೀದೇ ತುಪ್ಪಟ. ಅದರ ಲೆಕ್ಕದಾಗೆ ಅರ್ಧ ಹಿಂಡು ಈ ಸೀಟಿನಾಗೆ ಐತೆ. ಕುರಿ ಬಿಟ್ಟು ಹೆಂಗೆ ಬರ್ತದೆ?"

ಊರ ಬಾಗಿಲಲ್ಲಿ ಜನ ಕಾಯುತ್ತಿದ್ದಾರೆ. ಅವ್ವನ ಸೀಟಿನಲ್ಲಿ ನಾಯಿ ಕೂತಿದೆ! ಅವ್ವನ ಮುಖ ನೋಡಲು ಧೈರ್ಯವಾಗಲಿಲ್ಲ.

ಆದರೆ ಅವ್ವ ಕುರಿಯವರ ಮನೆಯ ಮಗಳು. ಬುತ್ತಿ ಬಿಚ್ಚಿ ರೊಟ್ಟಿಯ ಚೂರೊಂದನ್ನು ಕರಿಯನ ಬಾಯಿಗಿಟ್ಟು, "ಸರಿ ಅತ್ಲಾಗೆ" ಎಂದಳು. ಕರಿಯ ಸರಿದು ಜಾಗ ಬಿಟ್ಟಿತು! ಅವ್ವ ಪಕ್ಕದಲ್ಲಿ ಕೂತಳು. ನಾನು ನಿಟ್ಟುಸಿರು ಬಿಟ್ಟು ಸ್ಟೇರಿಂಗ್ ಕಡೆ ಹೊರಟೆ.

"ಅಣ್ಣಾ, ನೀನೆಲ್ಲಿಗೆ?" ಎಂದ ಓಬಣ್ಣ. "ನಾಯಿ ನಿಮ್ಮ ಕಾರಿನಾಗೆ ಹೋಗ್ತದೆ. ಮುಂದೆ ನಾನು ನಡೀತೀನಿ. ಕುರಿ ಹಿಂದೆ ಯಾರು ಬರ್ಬೇಕು?"

ನಾನು ಗಿರಿಜಾಳ ಮುಖ ನೋಡಿದೆ. ಅವಳಿಗೆ ನನಗಿಂತ ಮೊದಲೇ ಲೈಸೆನ್ಸ್ ಬಂದಿತ್ತು. ನಮ್ಮ ಮನೆಯಲ್ಲಿ ಈ ವಿಷಯ ಹೆಚ್ಚು ಚರ್ಚೆಯಾಗುವುದಿಲ್ಲ. ಅವಳಾಗಲೇ ಸ್ಟೇರಿಂಗ್ ಹಿಡಿದು ಕೂತಿದ್ದಳು.

"ಲೇ, ಕುಂಟೋ ಮರಿ ಹಿಂದೆ ಬೀಳ್ತದೆ, ಜ್ವಾಕೆ!" ಎಂದಳು ಅವ್ವ. ಕಾರು ಹೋಯಿತು. ಗಿರಿಜಾ ಎಲ್ಲೂ ಗಕ್ಕನೆ ಬ್ರೇಕ್ ಹಾಕಲಿಲ್ಲವಂತೆ. ಊರ ಬಾಗಿಲಲ್ಲಿ ಹೆಂಗಸರು ಆರತಿ ಎತ್ತಿದರಂತೆ. ಅವ್ವನಿಗೆ ಹಾರ ಹಾಕಿದರಂತೆ. ಪಕ್ಕದಲ್ಲಿ ಅಷ್ಟು ಠೀವಿಯಿಂದ ಕೂತವನನ್ನು ಬರಿಗೊರಳಲ್ಲಿ ಬಿಡಬಾರದೆಂದು ಕರಿಯನಿಗೂ ಒಂದು ಹಾಕಿದರಂತೆ. ಇದೆಲ್ಲ ಕೇಳಿದ ಮಾತು. ನಾನು ಆಗ ಹೊಸ ಪ್ಯಾಂಟಿನ ತುಂಬ ಉತ್ತರಾಣಿ ಗಿಡದ ಮುಳ್ಳುಬೀಜ ಚುಚ್ಚಿಸಿಕೊಂಡು, "ಹೋ ಹೋ" ಎನ್ನುತ್ತ ಹಿಂಡಿನ ಹಿಂದೆ ಬರುತ್ತಿದ್ದೆ.

ಹೊತ್ತು ಮುಳುಗುವ ಮುಂಚೆ ಮಾವನ ಮನೆ ಮುಟ್ಟಿದೆವು. ಮಾವ ಕುರಿಗಳನ್ನೆಲ್ಲ ನೋಡಿ ತಲೆದೂಗಿದ.

"ಒಂದೂ ತಪ್ಪಿಲ್ಲ ಕಣೋ ಓಬ. ನಾಯಿ ಇಲ್ಲದಂಗೂ ಬಂದ್ವಲ್ಲ!"

"ಇತ್ತಲ್ಲ ಮಾವ" ಎಂದು ಓಬಣ್ಣ ನನ್ನ ಕಡೆ ಕೈ ತೋರಿಸಿದ.

ಗೃಹಪ್ರವೇಶ ಚೆನ್ನಾಗಿ ನಡೆಯಿತು. ಕರಿಯ ಮಾತ್ರ ಕಾರು ಬಿಟ್ಟು ಇಳಿಯಲಿಲ್ಲ. ಕೊನೆಗೆ ಹಗ್ಗ ಬಿಚ್ಚಿ, ಸೀಟನ್ನು ನಾಯಿ ಸಮೇತ ಇಳಿಸಿ ಕುರಿ ರೊಪ್ಪದ ಮೂಲೆಗಿಟ್ಟೆವು. ಅಲ್ಲಿ ಅದು ವಾಲದೆ, ಜಾರದೆ, ಅಳತೆ ತೆಗೆದು ಮಾಡಿಸಿದಂತೆ ಕೂತಿತು!

ನಾವಿಬ್ಬರೂ ಹಿಂದಿನ ಸೀಟಿಲ್ಲದ ಕಾರಿನಲ್ಲಿ ಚಳ್ಳಕೆರೆಗೆ ಮರಳಿದೆವು. ಅವ್ವ ಆಮೇಲೆ ಬಸ್ಸಿನಲ್ಲಿ ಬಂದಳು. ಅವಳ ಮುಖ ಅರಳಿದ್ದನ್ನು ಕಂಡು, ತವರಿನ ಮೆರವಣಿಗೆಯ ಖುಷಿ ಇನ್ನೂ ಇಳಿದಿಲ್ಲವೆಂದು ನಾನು ಮನಸ್ಸಿನಲ್ಲೇ ಬೀಗಿದೆ. ನನ್ನ ಶ್ರಮದ ಬಗ್ಗೆ ಒಂದು ಒಳ್ಳೆ ಮಾತು ಬರಬಹುದೆಂದು ಹತ್ತಿರ ಹೋಗಿ ನಿಂತೆ.

"ಈ ಸಲ ಬಸ್ಸಿನಾಗೆ ಕುಂದ್ರಾಕೆ ಜಾಗ ಸಿಕ್ತು ಕಣಪ್ಪ" ಎಂದಳು ಅವ್ವ. "ಡ್ರೈವರು ಎಷ್ಟು ಸಲ ಬ್ರೇಕ್ ಹಾಕಿದ್ರೂ ಸೀಟು ಇದ್ದಲ್ಲೇ ಇತ್ತು. ಯಾರು ಕೂರಿಸಿದ್ರೋ, ಪುಣ್ಯಾತ್ಮ!"