ಕೋಳಿಯನ್ನು ಎಬ್ಬಿಸುವ ಮಾವ

ಕೋಳಿ ಕೂಗಿ ಊರು ಏಳುವುದು ಲೋಕದ ಪದ್ಧತಿ. ಭಾಲ್ಕಿಯಲ್ಲಿರುವ ನನ್ನ ಸೋದರಮಾವನ ಮನೆಯಲ್ಲಿ ಮಾತ್ರ ಮಾವ ಎದ್ದು ಕೋಳಿಯನ್ನು ಎಬ್ಬಿಸುತ್ತಾರೆ! ಅದೂ ಎಷ್ಟು ಹೊತ್ತಿಗೆ? ಬೆಳಗಿನ ನಾಲ್ಕೂವರೆಗೆ. ನಮ್ಮ ಕಡೆಯ ಡಿಸೆಂಬರ್ ಚಳಿಯಲ್ಲಿ ನಾಯಿಗಳು ಕೂಡ ಬೊಗಳುವ ಕೆಲಸವನ್ನು ಬಿಸಿಲೇರಿದ ಮೇಲೆ ನೋಡೋಣ ಎಂದು ಮುಂದಕ್ಕೆ ಹಾಕಿರುತ್ತವೆ. ಮಾವ ಮಂಗನಟೊಪ್ಪಿಗೆ ಏರಿಸಿ, ಒಂದರ ಮೇಲೊಂದು ಎರಡು ಸ್ವೆಟರ್ ತೊಟ್ಟು, ಹಿತ್ತಲಿನ ಗೂಡಿನ ಬಲ್ಬು ಹಾಕಿ, "ಏಳ್ರಿ, ಏಳ್ರಿ! ಭಾಲ್ಕಿ ಬಂತು, ಇಳ್ಕೊಳ್ರಿ!" ಎಂದು ಕೂಗುತ್ತಾರೆ. ಹುಂಜ ಒಂದು ಕಣ್ಣು ತೆರೆದು, ತನ್ನ ನೌಕರಿ ಹೋಯಿತೇ ಎಂಬಂತೆ ನೋಡುತ್ತದೆ.

ಮಾವ ಬಸ್ ಕಂಡಕ್ಟರ್ ಆಗಿದ್ದವರು. ಬೀದರ್, ಭಾಲ್ಕಿ, ಕಮಲನಗರ, ಔರಾದ್ ಎಂದು ಮೂವತ್ತು ವರ್ಷ ಜನರ ನಡುವೆ ನಿಂತು, ಜನರ ಮೇಲೆ ಕೂಗಿ, ಜನರಿಂದ ಬೈಸಿಕೊಂಡು ಬದುಕಿದವರು. ನಿವೃತ್ತರಾದ ಮರುವರ್ಷವೇ ಅತ್ತೆ ತೀರಿಕೊಂಡರು. ಮಕ್ಕಳಿಲ್ಲ. ಐವತ್ತು ಸೀಟಿನ ಬಸ್ಸಿಗೆ ತೊಂಬತ್ತು ಜನರನ್ನು ಹತ್ತಿಸುತ್ತಿದ್ದ ಮನುಷ್ಯ, ಮೂರು ಕೋಣೆಯ ಮನೆಯಲ್ಲಿ ಒಬ್ಬರೇ! ಬಾಗಿಲು ಹಾಕುವಾಗ ಅಭ್ಯಾಸಬಲದಿಂದ "ಹಿಂದ ಯಾರ ಹಾರೇನ್ರಿ?" ಎಂದು, ಹತ್ತುವವರು ಇನ್ನೂ ಇದ್ದಾರೇನೋ ಎಂಬಂತೆ, ಕೇಳಿಬಿಡುತ್ತೇನೆಂದು ಒಮ್ಮೆ ನಗುತ್ತ ಹೇಳಿದ್ದರು. ನಾನೂ ನಕ್ಕಿದ್ದೆ. ಬೀದರಿನ ಚಿದ್ರಿಯಲ್ಲಿ ನನ್ನದೇ ಸಂಸಾರ, ಶಾಲೆಯ ಪಾಠ. ನಕ್ಕು ಫೋನಿಡುವಷ್ಟೇ ಪುರುಸೊತ್ತು.

ಹೀಗಿರುವಾಗ ಒಂದು ದಿನ ಔರಾದಿಗೆ ಯಾರದೋ ಮದುವೆಗೆ ಹೋದವರು ಬುಟ್ಟಿಯಲ್ಲಿ ಆರು ಹೇಂಟೆ, ಒಂದು ಹುಂಜ ಇಟ್ಟುಕೊಂಡು ಮರಳಿದರು. ನಮ್ಮದು ಲಿಂಗಕಟ್ಟಿದ ಮನೆತನ, ಮೊಟ್ಟೆಯ ಹೆಸರೆತ್ತಿದರೂ ಬಾಯಿ ತೊಳೆಯುವವರು. ಬಳಗದಲ್ಲಿ ದೊಡ್ಡ ಕೋಲಾಹಲವೇ ಆಯಿತು.

"ತಿನ್ನಂಗಿಲ್ಲ ಅಂದ ಮ್ಯಾಲ ಕೋಳಿ ಯಾಕ ಸಾಕ್ತೀರಿ ಮಾವ?" ಎಂದು ನಾನೂ ಕೇಳಿದೆ.

"ಮೂವತ್ತು ವರ್ಷ ಬಸ್ಸಿನ್ಯಾಗ ಮಂದಿ ಕೂಡ್ಸೀನಿ. ಅವರಿಗಿ ತಿಂದೀನೇನು?"

ಇದಕ್ಕೆ ಯಾವ ಶಾಸ್ತ್ರದಲ್ಲಿ ಉತ್ತರವಿದೆ, ನೀವೇ ಹೇಳಿ!

ಮೊಟ್ಟೆಗಳೆಲ್ಲ ಹಿತ್ತಲಿನ ಗೋಡೆಯಾಚೆಯ ಖಾಲಾಳಿಗೆ ಹೋಗುತ್ತಿದ್ದವು. ಖಾಲಾ ಎಂದರೆ ಓಣಿಗೆಲ್ಲ ಚಿಕ್ಕಮ್ಮ. ಗಂಡನಿಲ್ಲದ, ಮಗಳನ್ನು ಕಮಲನಗರಕ್ಕೆ ಕೊಟ್ಟ ಮುದುಕಿ. ಮಾವ ಗೋಡೆಯ ಮೇಲೆ ಮೊಟ್ಟೆ ಇಡುವುದು, ಆಕೆ ತೆಗೆದುಕೊಳ್ಳುವುದು, "ಇವತ್ತು ಸಣ್ದದ ಭಾಯ್" ಎಂದು ತಕರಾರು ಮಾಡುವುದು. ಇಷ್ಟೇ ಅವರ ವ್ಯವಹಾರ.

ಚಳಿಗಾಲ ಬಂತು, ಮೊಟ್ಟೆ ನಿಂತಿತು. ಒಂದಲ್ಲ, ಆರೂ ಹೇಂಟೆಗಳು ಏಕಕಾಲಕ್ಕೆ ಮುಷ್ಕರ ಹೂಡಿದವು. ಮಾವ ಕಾಳು ಬದಲಿಸಿದರು, ಗೂಡಿಗೆ ಗೋಣಿತಟ್ಟು ಹೊದಿಸಿದರು, ಹುಂಜನೊಬ್ಬನನ್ನೇ ಕೂಡಿಸಿಕೊಂಡು ಬುದ್ಧಿ ಹೇಳಿದರು. ಏನೂ ಆಗಲಿಲ್ಲ. ಕೊನೆಗೆ ಒಂದು ಹೇಂಟೆಯನ್ನು ಕಂಕುಳಲ್ಲಿ ಅವಚಿಕೊಂಡು ದನದ ಡಾಕ್ಟರ ಹತ್ತಿರ ನಡೆದರು.

"ಇದಕ್ಕ ಜಡ್ಡಿಲ್ರಿ. ಹೊತ್ತು ಸಣ್ಣದಾಗ್ಯದ. ದಿನಾ ಹದಿನಾಕು ತಾಸರ ಬೆಳಕ ಬೇಕು ಇವಕ್ಕ. ಗೂಡಿನ್ಯಾಗ ಒಂದು ಬಲ್ಬ್ ಹಾಕ್ರಿ," ಎಂದರು ಡಾಕ್ಟರು.

ಮಾವ ಪೂರ್ತಿ ಕೇಳಿಸಿಕೊಳ್ಳುವ ಪೈಕಿಯೇ? ಮದುವೆ ಮಂಟಪದವರಿಂದ ಒಂದು ಹ್ಯಾಲೊಜನ್ ದೀಪ ತಂದು ತೂಗುಹಾಕಿದರು. ಸಂಜೆ ಸ್ವಿಚ್ ಒತ್ತಿದ್ದೇ ತಡ, ಹಿತ್ತಲಲ್ಲಿ ಹಗಲಾಯಿತು. ಅಷ್ಟು ಬೆಳಕಿನಲ್ಲಿ ಒಬ್ಬರ ಮುಖ ಒಬ್ಬರಿಗೆ ಸ್ಪಷ್ಟವಾಗಿ ಕಂಡು ಕೋಳಿಗಳು ಕುಕ್ಕಾಡಿಕೊಳ್ಳತೊಡಗಿದವು! ಗಾಬರಿಯಿಂದ ಮಾವ ದೀಪ ಆರಿಸಿದರೆ, ಒಮ್ಮೆಗೇ ಕತ್ತಲಾಗಿ ಏರಿ ಕೂಡುವ ಅಡ್ಡಗೋಲು ಕಾಣದೆ ಎಲ್ಲವೂ ನೆಲದಲ್ಲೇ ಕಕ್ಕಾಬಿಕ್ಕಿ. ಅರವತ್ತೈದರ ಮಾವ ಬ್ಯಾಟರಿ ಹಿಡಿದು ಗೂಡಿನೊಳಗೆ ತೂರಿ, ಒಂದೊಂದನ್ನೇ ಎತ್ತಿ, "ಮುಂದ ಸರೀರಿ, ಜಾಗಾ ಅದ" ಎನ್ನುತ್ತ ಕೋಲಿನ ಮೇಲೆ ಕೂಡಿಸಿದರು. ಹೊರಬರುವಾಗ ಸೊಂಟ ಹಿಡಿದು, ಖಾಲಾ ಗೋಡೆಯಾಚೆಯಿಂದ ಅಮೃತಾಂಜನದ ಡಬ್ಬಿ ಎಸೆಯಬೇಕಾಯಿತು.

"ಸಂಜಿಕಿ ಬ್ಯಾಡ್ರಿ, ಬೆಳಗ್ಗಿ ಹಾಕ್ರಿ. ತಾನೇ ಹೊತ್ತು ಹೊಂಡ್ತದ, ಒಮ್ಮೆಗೇ ಕತ್ತಲಾಗಂಗಿಲ್ಲ," ಎಂದರು ಡಾಕ್ಟರು ಮರುದಿನ. "ಮತ್ತ ಸಣ್ಣ ಬಲ್ಬ್ ಸಾಕು. ಪೇಪರ್ ಓದ್ಲಿಕ್ಕಿ ಬರೋ ಅಷ್ಟು ಬೆಳಕ ಇದ್ರ ಆಯ್ತು."

ಅಂದಿನಿಂದ ಮಾವ ದಿನಾ ಗೂಡಿನ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಪೇಪರ್ ಓದುತ್ತಾರೆ. ಬೆಳಕು ಸರಿಯಾಗಿದೆಯೇ ಎಂದು ನೋಡಬೇಕಲ್ಲ! ನಾಲ್ಕೂವರೆಗೆ ಯಾವ ಪೇಪರ್ ಬರುತ್ತದೆ? ನಿನ್ನೆಯದೇ. ಅದೂ ಗಟ್ಟಿಯಾಗಿ. ಔರಾದಿನಲ್ಲಿ ಹುಟ್ಟಿದ ಏಳು ಕೋಳಿಗಳಿಗೆ ದಿಲ್ಲಿಯ ರಾಜಕಾರಣ ಪೂರ್ತಿ ಗೊತ್ತಿದೆ. ಮೂರು ವಾರಕ್ಕೆ ಮೊದಲ ಮೊಟ್ಟೆ ಬಿತ್ತು. ನನಗೆ ಫೋನ್ ಮಾಡಿ "ಇಟ್ಟಳವ್ವಾ!" ಎಂದು ಕೂಗಿದ ದನಿಗೆ, ಬಳಗದಲ್ಲಿ ಯಾರಿಗೆ ಹೆರಿಗೆಯಾಯಿತೆಂದು ನಾನು ಅರ್ಧ ನಿಮಿಷ ತಡಕಾಡಿದೆ.

ಹೋದ ಜನವರಿಯಲ್ಲಿ ಮಾವನ ಕಣ್ಣಿನ ಪೊರೆ ತೆಗೆಸಬೇಕಾಯಿತು. ಬೀದರಿಗೆ ಬಂದು ನಾಲ್ಕು ದಿನ ನಮ್ಮ ಮನೆಯಲ್ಲಿರಬೇಕು. ಮನುಷ್ಯ ಒಪ್ಪಿದರೆ ತಾನೆ!

"ಒಂದ್ ದಿನ ಬೆಳಕ ತಪ್ಪಿದ್ರ ಮತ್ತ ಮೊಟ್ಟಿ ನಿಲ್ಲಸ್ತಾವ. ಲೈಟ್ ಯಾರ ಹಾಕ್ತಾರ?"

"ನಾ ಹೋಗಿ ಹಾಕ್ತೇನ್ರಿ," ಎಂದು ಬಾಯಿಬಿಟ್ಟು ಸಿಕ್ಕಿಬಿದ್ದೆ. ಮಾವನನ್ನು ನನ್ನ ಗಂಡನಿಗೆ ಒಪ್ಪಿಸಿ, ಶಾಲೆಗೆ ರಜೆ ಹಾಕಿ ಭಾಲ್ಕಿ ಬಸ್ಸು ಹತ್ತಿದೆ.

ಮೊದಲ ದಿನವೇ ಎಡವಟ್ಟು. ಅಲಾರಾಂ ಬಡಿದದ್ದು ಕೇಳಲಿಲ್ಲ. ಎಚ್ಚರವಾದದ್ದು ಬಾಗಿಲು ಬಡಿಯುವ ಸದ್ದಿಗೆ. ಬಡಿಯುವುದೆಂದರೆ, ಮುರಿಯುವ ಹಾಗೆ! ಗಡಿಯಾರ ಐದೂಕಾಲು. ತೆರೆದರೆ ಖಾಲಾ. ತಲೆಯ ಮೇಲೆ ಶಾಲು ಅಡ್ಡಾದಿಡ್ಡಿ, ಕಾಲಲ್ಲಿ ಚಪ್ಪಲಿಯೇ ಇಲ್ಲ, ಉಸಿರು ಮೇಲೆ ಕೆಳಗೆ.

"ಭಾಯ್ ಎಲ್ಲಿ? ಭಾಯ್‌ಗಿ ಏನಾಯ್ತು?"

ಹಿಂದಿನ ಸಂಜೆಯಷ್ಟೇ ಕಮಲನಗರದಿಂದ ಮರಳಿದ್ದ ಆಕೆಗೆ ಮಾವ ಬೀದರಿಗೆ ಹೋದದ್ದು ಗೊತ್ತಿರಲಿಲ್ಲ. ಕಣ್ಣಿನ ವಿಷಯ ಹೇಳಿದೆ. ಖಾಲಾ ಹೊಸ್ತಿಲಲ್ಲೇ ಕುಸಿದು ಕೂತು ಶಾಲಿನಿಂದ ಮುಖ ಒರೆಸಿಕೊಂಡಳು.

"ನಿನಗ ಗೊತ್ತಿಲ್ಲ ಬೇಟಿ. ಹೋದ್ ವರ್ಷ ಮಳಿಗಾಲದಾಗ ಬುಖಾರ್ ಬಂದು ಎರಡ್ ದಿನ ಒಳಗ ಬಿದ್ದಿದ್ರು ಭಾಯ್. ಒಬ್ರಿಗೂ ಖಬರ್ ಇಲ್ಲ. ಗೋಡಿ ಮ್ಯಾಲ ಮೊಟ್ಟಿ ಬರ್ಲಿಲ್ಲಂತ ನಾ ಬಂದು ನೋಡ್ದೆ. ಈಗ ದಿನಾ ನಮಾಜಿಗಿ ಏಳ್ತೀನಲ್ಲ, ಮೊದಲ ಖಿಡ್ಕಿ ತೆಗ್ದು ಬತ್ತಿ ನೋಡ್ತೀನಿ. ಬತ್ತಿ ಹತ್ಯದ ಅಂದ್ರ ಭಾಯ್ ಖೈರಿಯತ್ ಹಾರ, ಆರಾಮ ಹಾರ."

ಎರಡು ದಿನ ಜ್ವರ! ನನಗಂತೂ ಯಾರೂ ಹೇಳಿರಲಿಲ್ಲ. ನಾನು ಕೇಳಿಯೂ ಇರಲಿಲ್ಲ.

ನಾಲ್ಕು ಬೆಳಗು ಆ ಸ್ಟೂಲಿನ ಮೇಲೆ ಕೂತೆ. ನಾಲ್ಕೂವರೆಯಿಂದ ಸೂರ್ಯ ಹುಟ್ಟುವವರೆಗಿನ ಹೊತ್ತು ಎಷ್ಟು ಉದ್ದ ಎಂಬುದು ಅಲ್ಲಿ ಕೂತವರಿಗೇ ಗೊತ್ತು. ಎರಡನೆಯ ದಿನಕ್ಕೆ ನಾನೂ ಕೋಳಿಗಳಿಗೆ ಪೇಪರ್ ಓದುತ್ತಿದ್ದೆ.

ಬೀದರಿಗೆ ಮರಳಿದಾಗ, ತಾನಾಗಿಯೇ ಹೊತ್ತಿಗೆ ಸರಿಯಾಗಿ ದೀಪ ಹಚ್ಚುವ ಒಂದು ಟೈಮರ್ ತಂದು ಮಾವನ ಕೈಗಿಟ್ಟೆ. ಚಳಿಯಲ್ಲಿ ಏಳುವ ಕಷ್ಟ ತಪ್ಪಲಿ ಎಂದು. ಮಾವ ಕಪ್ಪು ಕನ್ನಡಕದೊಳಗಿಂದ ಅದನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಇದು ದಿನಾ ತಾನೇ ಹಾಕ್ತದೇನು?"

"ಹೌದ್ರಿ. ನೀವು ಏಳೋದೇ ಬ್ಯಾಡ."

"ನಾ ಸತ್ತು ಬಿದ್ದಿದ್ರೂ ಹಾಕ್ತದೇನು?"

ಮಾವ ಅದನ್ನು ಮೆಲ್ಲಗೆ ನನ್ನ ಕೈಗೇ ಮರಳಿಸಿದರು. "ಬ್ಯಾಡವ್ವ. ಖಾಲಾಗ ಸುಳ್ಳು ಹೇಳ್ದಂಗ ಆಗ್ತದ."

ಈಗ ಬೇಸಿಗೆ. ಹೊತ್ತು ಉದ್ದವಾಗಿದೆ, ಇನ್ನು ಬಲ್ಬು ಬೇಕಿಲ್ಲ ಎಂದು ಡಾಕ್ಟರು ಹೇಳಿಯೂ ಆಗಿದೆ. ಕಳೆದ ವಾರ ಭಾಲ್ಕಿಗೆ ಹೋಗಿ ಎರಡು ದಿನ ಉಳಿದೆ. ಬೆಳಗಿನ ಜಾವ ಹಿತ್ತಲ ಬಾಗಿಲಿನ ಸದ್ದಿಗೆ ಎಚ್ಚರವಾಯಿತು. ಮಾವ ಗೂಡಿನ ದೀಪ ಹಾಕಿ, ಗೋಡೆಯಾಚೆ ನೋಡುತ್ತ ನಿಂತಿದ್ದರು. ಸ್ವಲ್ಪ ಹೊತ್ತಿಗೆ ಖಾಲಾಳ ಕಿಟಕಿ ತೆರೆಯಿತು. ಮಾವ ಒಳಗೆ ಬಂದು ಒಲೆ ಹಚ್ಚಿ, ಒಂದು ಲೋಟ ನೀರಳೆದು ಚಹಕ್ಕಿಟ್ಟರು.

"ಮಾವ, ನನಗೂ ಇಡ್ರಿ," ಎಂದೆ ಹಾಸಿಗೆಯಿಂದಲೇ.

ಅವರು ಬೆಚ್ಚಿ ತಿರುಗಿದರು. "ಅಯ್ಯ, ಮನಿಯಾಗ ಇನ್ನೊಬ್ರು ಹಾರ ಅಂಬೂದೇ ಮರ್ತಿದ್ದೆ ನೋಡವ್ವ!" ಎನ್ನುತ್ತ, ಲೋಟವನ್ನು ಮತ್ತೊಮ್ಮೆ ತುಂಬಿ ಪಾತ್ರೆಗೆ ಸುರಿದರು.